ಜೇಡಕ್ಕಾಗಿ ತೊಳೆದ ಮನೆ

ಪಾರ್ಸೆಲ್ಲು ಅಂಗಡಿಗೆ ಬಂದಾಗ ಡಾಕ್ಟರು ಅದನ್ನು ಬಹಳ ಜೋಪಾನವಾಗಿ ಎತ್ತಿಟ್ಟರು. ಆಮೇಲೆ ಆದದ್ದೆಲ್ಲ ಆ ಜೋಪಾನದಿಂದಲೇ ಆದದ್ದು.

ಅವರು ಓದಿ ಆದ ಡಾಕ್ಟರಲ್ಲ. ಜಿರಳೆ, ತಿಗಣೆ, ಗೆದ್ದಲಿಗೆ ಮದ್ದು ಹೊಡೆಯುವುದು ಅವರ ಕಸುಬು. ಬೀದಿಯವರು ತಮಾಷೆಗೆ ಹುಳದ ಡಾಕ್ಟರು ಎಂದು ಶುರುಮಾಡಿ, ಬರಬರುತ್ತ ಹುಳವನ್ನು ಬಿಟ್ಟು ಬರೀ ಡಾಕ್ಟರೇ ಎನ್ನತೊಡಗಿದ್ದರು. "ನಮ್ಮ ಡಾಕ್ಟರ ಕೈಗುಣ ಹೇಗೆ ಅಂದ್ರೆ, ಇವತ್ತಿನವರೆಗೆ ಒಬ್ಬ ರೋಗಿಯೂ ಎದ್ದು ಹೋಗಿಲ್ಲ" ಎಂದು ಪಕ್ಕದ ಅಂಗಡಿಯ ಬೀಗ ರಿಪೇರಿಯವನು ಬಂದವರಿಗೆಲ್ಲ ಹೇಳುತ್ತಿದ್ದ. ಡಾಕ್ಟರಿಗೆ ಅದು ಬೇಸರದ ಮಾತಲ್ಲ. ಕೆಲಸ ಗೊತ್ತಿದ್ದವರಿಗೆ ಅಡ್ಡಹೆಸರು ಹೊರೆಯಾಗುವುದಿಲ್ಲ.

ಹಿಂದಿನ ದಿನ ಊಟಕ್ಕೆ ಕುಳಿತಾಗ ಮಗಳು ಹೇಳಿದ್ದಳು. ಅವಳು ಕನ್ನಡಕದ ಅಂಗಡಿಯೊಂದರ ಹಿಂಭಾಗದಲ್ಲಿ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವ ಕೆಲಸ ಮಾಡುತ್ತಿದ್ದಳು.

"ಅಪ್ಪಾ, ನಾಳೆ ನನ್ನದೊಂದು ಪಾರ್ಸೆಲ್ ಬರುತ್ತೆ. ಯಾರಾದ್ರೂ ಕೈಯಾರೆ ತಗೋಬೇಕಂತೆ, ಬಾಗಿಲಲ್ಲಿ ಇಟ್ಟು ಹೋಗಲ್ಲ. ಅಮ್ಮ ಕೆಲಸಕ್ಕೆ ಹೋಗಿರ್ತಾಳೆ, ಅಜ್ಜಿ ಬಾಗಿಲು ತೆಗೆಯಲ್ಲ. ನಿನ್ನ ಅಂಗಡಿ ವಿಳಾಸ ಕೊಟ್ಟಿದೀನಿ."

"ನಾನ್ಯಾಕೆ ತೆಗೀಲಿ?" ಎಂದರು ಅಜ್ಜಿ, ಡಾಕ್ಟರ ತಾಯಿ. "ಬರೋರೆಲ್ಲ ಒಂದೇ ಥರ ಟೋಪಿ ಹಾಕ್ಕೊಂಡು ಬರ್ತಾರೆ. ಕಳ್ಳ ಯಾರು, ಅಂಚೆಯವನು ಯಾರು, ನನಗೇನು ಗೊತ್ತು?"

ಒಳಗೇನಿದೆ ಎಂದು ಡಾಕ್ಟರು ಕೇಳಲಿಲ್ಲ. ಬೆಳೆದ ಮಗಳು, ಅವಳದೇ ಸಂಬಳ.

ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರದಲ್ಲಿ 'ಬಿಸಿಲು ತಾಗಬಾರದು, ತಂಪಾದ ಕಡೆ ಇಡಿ' ಎಂದು ಬರೆದಿತ್ತು. ಬದಿಯಲ್ಲಿ ದಬ್ಬಳದಿಂದ ಚುಚ್ಚಿದಂಥ ತೂತುಗಳಿದ್ದವು. ಅಂಗಡಿಯ ಮುಂಭಾಗಕ್ಕೆ ತಗಡಿನ ಮಾಡು. ಮಧ್ಯಾಹ್ನದ ಹೊತ್ತು ಅಲ್ಲಿ ಕೂತರೆ ನೆತ್ತಿ ಕಾಯುತ್ತಿತ್ತು. ಹಿಂದಿನ ದಾಸ್ತಾನು ಕೋಣೆ ಮಾತ್ರ ದಪ್ಪ ಗೋಡೆಯದು, ಕಿಟಕಿಯಿಲ್ಲದ್ದು, ಸದಾ ತಣ್ಣಗೆ. ಮದ್ದು ಕೆಡಬಾರದೆಂದು ಅವರೇ ಹಾಗೆ ಕಟ್ಟಿಸಿದ್ದರು. ಹೊಗೆಯಂತ್ರಕ್ಕೆ ತುಂಬುವ ದ್ರವದ ಕ್ಯಾನುಗಳನ್ನು ಸರಿಸಿ ಜಾಗ ಮಾಡಿ, ಪೆಟ್ಟಿಗೆ ಅಲುಗಾಡದಂತೆ ಎರಡೂ ಕಡೆ ಬಟ್ಟೆ ಒತ್ತಿ ಇಟ್ಟು, ಬಾಗಿಲು ಹಾಕಿಕೊಂಡು ಬಂದರು. ಸಂಜೆ ಅಂಗಡಿ ಮುಚ್ಚುವವರೆಗೆ ಅದು ಅಲ್ಲೇ ಇತ್ತು.

ಮನೆಯಲ್ಲಿ ಪೆಟ್ಟಿಗೆಯನ್ನು ಊಟದ ಮೇಜಿನ ಮೇಲೆಯೇ ಇಟ್ಟುಕೊಂಡು ಮಗಳು ಕತ್ತರಿ ಹಿಡಿದು ಕುಳಿತಳು. ಪೆಟ್ಟಿಗೆಯೊಳಗೆ ಪೆಟ್ಟಿಗೆ, ಅದರೊಳಗೆ ಒದ್ದೆ ಕಾಗದ ತುರುಕಿದ ಪ್ಲಾಸ್ಟಿಕ್ ಡಬ್ಬಿ. ಡಬ್ಬಿಯೊಳಗೆ ಕಂದು ಬಣ್ಣದ, ಮೈತುಂಬ ರೋಮದ ಜೇಡ.

"ಟರಾಂಟುಲಾ" ಎಂದಳು. "ದೊಡ್ಡ ಜಾತಿ ಜೇಡ. ಸಾಕೋರು ಮರಿ ಮಾಡಿಸಿ ಅಂಚೇಲಿ ಕಳಿಸ್ತಾರೆ. ದಾರೀಲಿ ಸತ್ರೆ ಬೇರೆ ಕಳಿಸ್ತಾರೆ. ಹೆಣ್ಣಾದ್ರೆ ಹದಿನೈದು ವರ್ಷ ಬದುಕುತ್ತೆ."

ಹೆಂಡತಿ ಊಟದ ತಟ್ಟೆಗಳನ್ನು ಎತ್ತಿಕೊಂಡು ಹೋದಳು. ಅಜ್ಜಿ ಕಾಲೆರಡನ್ನೂ ಕುರ್ಚಿಯ ಮೇಲೆ ಎಳೆದುಕೊಂಡರು.

"ಜೇಡರ ಹುಳಕ್ಕೆ ದುಡ್ಡು ಕೊಟ್ಟೆಯಾ? ನಿಮ್ಮಪ್ಪ ಸಾಯಿಸೋಕೆ ದುಡ್ಡು ಇಸ್ಕೋತಾನೆ, ನೀನು ಸಾಕೋಕೆ ದುಡ್ಡು ಕೊಡ್ತೀಯ. ಒಳ್ಳೇ ಸಂಸಾರ!"

"ಇದು ಬೊಗಳಲ್ಲ ಅಜ್ಜಿ, ಕಚ್ಚಾಡಲ್ಲ, ಯಾಕೆ ಲೇಟು ಅಂತ ಕೇಳಲ್ಲ."

"ಕೇಳದೆ ಇರೋದೇ ಬೇಕಿದ್ರೆ ಒಂದು ಕಲ್ಲು ತಂದು ಸಾಕು."

ಮಗಳು ಡಬ್ಬಿಯನ್ನು ಮಣ್ಣು ತುಂಬಿದ ಗಾಜಿನ ತೊಟ್ಟಿಯೊಳಗೆ ವಾಲಿಸಿದಳು. ಜೇಡ ಹೊರಬಂತು. ಆದರೆ ನಡೆಯಲಿಲ್ಲ. ಒಂದು ಬದಿಯ ಕಾಲುಗಳು ಮುಂದಕ್ಕೆ ಎಳೆದರೆ ಇನ್ನೊಂದು ಬದಿಯವು ಹಿಂದಕ್ಕೆ ಎಳೆದವು; ಮೈ ಗಿರಕಿ ಹೊಡೆಯಿತು; ಕಾಲಿನ ತುದಿಗಳು ಸಣ್ಣಗೆ ನಡುಗತೊಡಗಿದವು.

"ಪ್ರಯಾಣದ ಸುಸ್ತಿರಬೇಕು" ಎಂದಳು ಹೆಂಡತಿ, ಅಡುಗೆಮನೆಯ ಬಾಗಿಲಿನಿಂದಲೇ.

ಡಾಕ್ಟರು ಬಗ್ಗಿ ನೋಡಿದರು. ಆ ನಡುಕವನ್ನು ಸಿಂಕುಗಳ ಅಡಿಯಲ್ಲಿ, ಮಂಚದ ಸಂದಿಗಳಲ್ಲಿ ಅವರು ಲೆಕ್ಕವಿಲ್ಲದಷ್ಟು ಸಲ ನೋಡಿದ್ದರು. ಅದು ಕಂಡಿತೆಂದರೆ ಕೆಲಸ ಆಯಿತೆಂದೇ ಅರ್ಥ.

"ಸುಸ್ತಲ್ಲ. ಇದು ನಮ್ಮ ಮದ್ದು. ಪೆಟ್ಟಿಗೇನ ನಾನು ದಾಸ್ತಾನು ಕೋಣೇಲಿ ಇಟ್ಟಿದ್ದೆ."

ಮಗಳು ತಲೆ ಎತ್ತಿ ನೋಡಿದಳು. ಬೆಳಿಗ್ಗೆ ಜೇಡ ಕಾಲುಗಳನ್ನೆಲ್ಲ ಮುಷ್ಟಿಯಂತೆ ಒಳಕ್ಕೆ ಮಡಚಿಕೊಂಡು ಸತ್ತಿತ್ತು.

ಟೀ ಕುಡಿಯುವಾಗ ಅಜ್ಜಿಯೇ ದಾರಿ ತೋರಿಸಿದರು. "ಸತ್ತು ಬಂದ್ರೆ ಬೇರೆ ಕಳಿಸ್ತಾರೆ ಅಂದೆಯಲ್ಲ? ಒಂದು ಫೋಟೋ ಹೊಡೆದು ಕಳಿಸು. ಸತ್ತೇ ಬಂತು ಅಂತ ಬರಿ."

"ಬೇಡ" ಎಂದರು ಡಾಕ್ಟರು.

"ನಿನ್ನನ್ನ ಯಾರು ಕೇಳಿದ್ರು? ಸಾಯಿಸಿದೋನು ನೀನು."

"ಅದಕ್ಕೇ ಬೇಡ ಅಂದಿದ್ದು. ನನ್ನ ಗಿರಾಕಿಗಳೂ ಹಿಂಗೇ ಮಾಡ್ತಾರೆ. ಜಿರಳೆ ಸತ್ತಿರುತ್ತೆ, ಗುಡಿಸಿ ಹಾಕಿ, ನಿಮ್ಮ ಮದ್ದು ಹಿಡೀಲಿಲ್ಲ ಅಂತ ಫೋನ್ ಮಾಡ್ತಾರೆ. ಜೇಡದೋರು ಜೀವ ಇರೋದನ್ನೇ ಕಳಿಸಿದ್ರು, ನಾನು ಜೀವ ಇರೋದನ್ನೇ ಇಸ್ಕೊಂಡೆ."

"ನಾನೂ ಹಾಗೆ ಬರೆಯೋಳಲ್ಲ" ಎಂದಳು ಮಗಳು. ಬ್ರೆಡ್ಡಿಗೆ ಬೆಣ್ಣೆ ಸವರುತ್ತಲೇ ಮುಂದಿನ ಮಾತನ್ನೂ ಹೇಳಿದಳು: "ಅಂಗಡಿ ಒಂದೇ ಅಲ್ಲಪ್ಪಾ. ಈ ಮನೆ ಮೂಲೆಮೂಲೆಗೂ ನೀನು ಹೊಡೆದಿದೀಯ. ಇಲ್ಲಿ ಯಾವ ಜೇಡಾನೂ ಉಳಿಯಲ್ಲ. ನನ್ನ ಜೊತೆ ಕೆಲಸ ಮಾಡೋಳು ಒಂದು ರೂಮು ನೋಡಿದಾಳೆ. ಹಳೇ ಪ್ರೆಸ್ ಹಿಂದಿರೋ ಮೂರು ಮಹಡಿ ಕಟ್ಟಡ. ತಿಂಗಳ ಕೊನೇಲಿ ಖಾಲಿ ಆಗುತ್ತಂತೆ. ಬರ್ತೀಯಾ ಅಂತ ಕೇಳ್ತಿದಾಳೆ. ಹೋಗೋಣ ಅಂತಿದೀನಿ."

"ಒಂದು ಹುಳಕ್ಕೋಸ್ಕರ ಮನೆ ಬಿಡ್ತೀಯಾ?" ಹೆಂಡತಿಯ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು.

"ನನಗಿಷ್ಟವಾದದ್ದು ಒಂದೂ ಈ ಮನೇಲಿ ಬದುಕಲ್ಲ ಅಂದ್ರೆ ಹೋಗಲೇಬೇಕಲ್ಲಮ್ಮ."

ಹಳೇ ಪ್ರೆಸ್ಸಿನ ಹಿಂದಿನ ಕಟ್ಟಡ ಡಾಕ್ಟರಿಗೆ ಗೊತ್ತು. ಅದರ ಮೆಟ್ಟಿಲು, ಮೋರಿ, ಒಂದೊಂದು ಮನೆಯ ಸಿಂಕಿನ ಅಡಿ ಎಲ್ಲ ಗೊತ್ತು. ಮೂರು ತಿಂಗಳಿಗೊಮ್ಮೆ ಅಲ್ಲಿ ಮದ್ದು ಹೊಡೆಯುವವರು ಅವರೇ. ಮಾತು ನಾಲಿಗೆಯ ತುದಿಗೆ ಬಂತು. ಅದನ್ನು ನುಂಗಿ ಬೇರೆ ಮಾತಾಡಿದರು.

"ತಿಂಗಳ ಕೊನೇವರೆಗೆ ಟೈಮ್ ಕೊಡು. ನಿನ್ನ ಕೋಣೇನ ಜೇಡ ಬದುಕೋ ಹಾಗೆ ಮಾಡಿ ಕೊಡ್ತೀನಿ. ಹಾಕಿದವನಿಗೆ ತೆಗೆಯೋದೂ ಗೊತ್ತಿರುತ್ತೆ."

"ಆಗುತ್ತಾ?"

"ಈ ಊರಲ್ಲಿ ಯಾರಿಗಾದ್ರೂ ಆಗೋದಿದ್ರೆ ನನಗೆ."

ಕೆಲಸ ಅಂದಿನ ಸಂಜೆಯೇ ಶುರುವಾಯಿತು. ಬರಿ ನೀರಿಗೆ ಆ ಮದ್ದು ಜಗ್ಗುವುದಿಲ್ಲ ಎಂದು ಡಾಕ್ಟರಿಗೆ ತಿಳಿದಿತ್ತು. ಒಂದು ಸಲ ಹೊಡೆದರೆ ತಿಂಗಳುಗಟ್ಟಲೆ ಗೋಡೆಗೆ ಅಂಟಿಕೊಂಡಿರಬೇಕೆಂದೇ ಅದನ್ನು ತಯಾರಿಸಿರುತ್ತಾರೆ. ಬಟ್ಟೆ ಸೋಡಾ ಕರಗಿಸಿದ ಬಿಸಿನೀರು, ಸೋಪು, ತೆಂಗಿನ ನಾರಿನ ಬ್ರಷ್ಷು ಹಿಡಿದು ನೆಲ ಮತ್ತು ಗೋಡೆ ಕೂಡುವಲ್ಲಿ ಮಂಡಿಯೂರಿದರು. ಉಜ್ಜಿದ ನೀರನ್ನು ಒರೆಸಿ, ಒರೆಸಿದ ಬಟ್ಟೆಯನ್ನು ಮತ್ತೆ ಬಳಸದೆ ಚೀಲಕ್ಕೆ ಹಾಕಿದರು. ಮಂಚದ ಕಾಲು ಬಿಚ್ಚಿದರು. ಕಪಾಟಿನ ಹಿಂದೆ ತಾವೇ ಹಚ್ಚಿದ್ದ ಜಿರಳೆ ಮದ್ದಿನ ಜೆಲ್ಲಿನ ಚುಕ್ಕೆಗಳನ್ನು ಚಾಕುವಿನಿಂದ ಕೆರೆದು ತೆಗೆದರು. ಮಗಳು ಕೆಲಸ ಮುಗಿಸಿ ಬಂದು ಕಿಟಕಿಯ ಚೌಕಟ್ಟು ಹಿಡಿದಳು. ಅವಳ ಮಂಚ ನಡುಮನೆಗೆ ಬಂದದ್ದರಿಂದ ಅಜ್ಜಿಯ ಕುರ್ಚಿ ಅಡುಗೆಮನೆಯ ಬಾಗಿಲಿಗೆ ಸರಿಯಿತು. ಅಲ್ಲಿಂದ ಅವರು ಎಲ್ಲರ ಮೇಲೂ ಕಣ್ಣಿಟ್ಟರು.

"ಇವನ ಮದುವೇಲಿ ಕೂಡ ಈ ಮನೆ ಇಷ್ಟು ತೊಳೆದಿರಲಿಲ್ಲ."

"ಆಗ ಬಂದೋಳು ನಾನು ತಾನೇ ಅತ್ತೆ? ನನಗೆಷ್ಟು ಬೇಕೋ ಅಷ್ಟು ತೊಳೆದಿದ್ರಿ" ಎಂದಳು ಸೊಸೆ, ಆಲೂಗೆಡ್ಡೆ ಸಿಪ್ಪೆ ತೆಗೆಯುತ್ತ.

"ನಾನು ತೊಳೆದದ್ದು ನಿನಗೆ ಕಾಣಿಸಲಿಲ್ಲ, ಅದಕ್ಕೆ ನಾನೇನು ಮಾಡ್ಲಿ?"

ಹೆಂಡತಿ ಬೇಕರಿಯೊಂದರಲ್ಲಿ ಗಲ್ಲಾಪೆಟ್ಟಿಗೆಗೆ ಕೂರುವವಳು. ಬೆಳಿಗ್ಗೆ ಬೇಗ ಹೋಗಿ ಮಧ್ಯಾಹ್ನದ ಮೇಲೆ ಬರುತ್ತಿದ್ದಳು. ರಜೆಯ ದಿನ ಮನೆಯವರೆಲ್ಲರ ಬಟ್ಟೆ ಒಗೆಯುವುದು ಅವಳ ಪಾಲಿನ ಕೆಲಸ.

ಎರಡನೇ ವಾರ ಆ ಕಟ್ಟಡಕ್ಕೆ ಮದ್ದು ಹೊಡೆಯುವ ಸರದಿ ಬಂತು. ಡಾಕ್ಟರು ಹೋದರು. ಮಗಳು ಹೋಗಬೇಕೆಂದಿದ್ದ ರೂಮು ಎರಡನೇ ಮಹಡಿಯಲ್ಲಿತ್ತು. ಇದ್ದವರು ಅರ್ಧ ಸಾಮಾನು ಕಟ್ಟಿದ್ದರು. ಕಿಟಕಿಗೆ ಒಳ್ಳೆಯ ಬೆಳಕು, ನಲ್ಲಿಯಲ್ಲಿ ನೀರು ಜೋರಾಗಿ ಬರುತ್ತಿತ್ತು. ಕೆಟ್ಟ ರೂಮೇನಲ್ಲ. ಡಾಕ್ಟರು ಬೇರೆ ಮನೆಗಳಿಗೆ ಹೇಗೋ ಅದಕ್ಕೂ ಹಾಗೆಯೇ ನೆಲದಂಚು, ಸಿಂಕಿನ ಅಡಿ, ಬಾಗಿಲ ಹಿಂದೆಲ್ಲ ಹೊಡೆದು, ಸಹಿ ಹಾಕಿಸಿಕೊಂಡು ಬಂದರು.

ಸಂಜೆ ಹೆಂಡತಿಗೆ ಹೇಳಿದಾಗ ಅವಳು ಸೊಂಟಕ್ಕೆ ಕೈಯಿಟ್ಟು ನಿಂತಳು.

"ಅಲ್ಲರೀ, ಇಷ್ಟು ದಿನ ಇದನ್ನ ಹೊಟ್ಟೇಲಿ ಇಟ್ಕೊಂಡು ಗೋಡೆ ಉಜ್ತಾ ಇದೀರಾ? ಒಂದು ಮಾತು ಹೇಳಿ ಅವಳಿಗೆ. ಅಲ್ಲೂ ಇದೇ ಗತಿ ಅಂತ ಗೊತ್ತಾದ್ರೆ ಇಲ್ಲೇ ಇರ್ತಾಳೆ."

"ಹೇಳ್ತೀನಿ. ಅಲ್ಲಿಗೇ ಹೊರಟ್ರೆ ಹೊರಡೋಕೆ ಮುಂಚೆ ಹೇಳೇ ಹೇಳ್ತೀನಿ. ಇನ್ನೊಂದು ಜೇಡ ನನ್ನ ಕೈಯಿಂದ ಸಾಯಬಾರದು."

"ಈಗಲೇ ಹೇಳೋಕೆ ಏನು ಧಾಡಿ?"

"ಈಗ ಹೇಳಿದ್ರೆ ಹೆದರಿಸಿ ಉಳಿಸಿಕೊಂಡ ಹಾಗೆ. ನಾನು ಮೊದಲು ಕೋಣೆ ಮಾಡ್ತೀನಿ. ಅವಳು ನೋಡ್ಲಿ."

"ಗೋಡೆಗೆ ಹೊಡೆದ ಮದ್ದು ಬಿಟ್ರೂ ನಿಮ್ಮ ಹಟ ಬಿಡಲ್ಲ" ಎಂದು ಅವಳು ಒಲೆಯ ಕಡೆ ತಿರುಗಿದಳು.

ಕೋಣೆ ಒಣಗಿದ ಮೇಲೆ ಪರೀಕ್ಷೆ ಆಗಬೇಕಿತ್ತು. ಕಣ್ಣಿಗೆ ಕಾಣದ್ದನ್ನು ಬಾಯಿಮಾತಿನಲ್ಲಿ ಇಲ್ಲ ಎನ್ನುವುದು ಡಾಕ್ಟರ ಪದ್ಧತಿಯಲ್ಲ. ಜೇಡಕ್ಕೆ ಆಹಾರವಾಗಿ ಮಾರುವ ಜೀರುಂಡೆಗಳನ್ನು ಮಗಳು ಅಂಚೆಯಲ್ಲಿ ತರಿಸಿದಳು, ಈ ಸಲ ಕನ್ನಡಕದ ಅಂಗಡಿಯ ವಿಳಾಸಕ್ಕೆ. ತೂತು ಮಾಡಿದ ಡಬ್ಬಿಗಳಲ್ಲಿ ಅವನ್ನು ಹಂಚಿ, ಒಂದನ್ನು ಕಿಟಕಿಯಲ್ಲಿ, ಒಂದನ್ನು ಮಂಚದಡಿ, ಒಂದನ್ನು ಮೇಜಿನ ಮೇಲೆ ಇಟ್ಟರು. ಒಂದು ವಾರ ಬದುಕಿದರೆ ಕೋಣೆ ಪಾಸು.

ಮೂರನೆಯ ದಿನ ಮೇಜಿನ ಮೇಲಿನ ಡಬ್ಬಿಯಲ್ಲಿ ಎಲ್ಲವೂ ಅಂಗಾತ ಬಿದ್ದಿದ್ದವು. ಉಳಿದೆರಡು ಡಬ್ಬಿಗಳಲ್ಲಿ ಒಂದಕ್ಕೂ ಏನೂ ಆಗಿರಲಿಲ್ಲ.

"ಮೇಜನ್ನ ಸರಿಯಾಗಿ ಒರೆಸಿಲ್ವೇನೋ" ಎಂದಳು ಮಗಳು. ದನಿ ಸಪ್ಪಗಿತ್ತು.

"ಮೇಜಿಗೆ ನಾನು ಯಾವತ್ತೂ ಹೊಡೆದಿಲ್ಲ." ಡಾಕ್ಟರು ಡಬ್ಬಿಯ ಮುಚ್ಚಳ ತೆಗೆದು ನೋಡಿದರು. ತಳದಲ್ಲಿ ಮಡಚಿ ಹಾಸಿದ ಟವೆಲ್ಲಿನ ತುಂಡು. "ಇದನ್ನ ಯಾರು ಹಾಕಿದ್ದು?"

ಅಜ್ಜಿ ಕುರ್ಚಿಯಲ್ಲೇ ನೆಟ್ಟಗಾದರು. "ನಾನು. ಬರೀ ಪ್ಲಾಸ್ಟಿಕ್ ಮೇಲೆ ಜಾರ್ತಾ ಇದ್ದವು, ಪಾಪ ಅನ್ನಿಸ್ತು. ಹೊಲಸು ಬಟ್ಟೆ ಅಲ್ಲ ಕಣೋ. ನಿನ್ನ ಹೆಂಡತಿ ಸೋಪು ಹಾಕಿ ಒಗೆದು ಮಡಿಸಿಟ್ಟದ್ದು."

"ಯಾವುದರ ಜೊತೆ ಒಗೆದೆ?" ಡಾಕ್ಟರು ಹೆಂಡತಿಯ ಕಡೆ ತಿರುಗಿದರು.

"ಯಾವುದರ ಜೊತೆ ಅಂದ್ರೆ? ಎಲ್ಲದರ ಜೊತೆ. ನಿಮ್ಮ ನೀಲಿ ಅಂಗಿ ಪ್ಯಾಂಟು ನೆನೆಹಾಕ್ತೀನಿ, ಅದೇ ನೀರಿಗೆ ಉಳಿದದ್ದೂ ಹಾಕ್ತೀನಿ. ನೀರು ಸುಮ್ಮನೆ ಬರುತ್ತಾ?"

ನೀಲಿ ಅಂಗಿ ಪ್ಯಾಂಟು ಎಂದರೆ ಮದ್ದು ಹೊಡೆಯುವಾಗ ಹಾಕುವ ಬಟ್ಟೆ. ಮದ್ದು ಬಿದ್ದ ಬಟ್ಟೆಯನ್ನು ಬೇರೆಯಾಗಿಯೇ ಒಗೆಯಬೇಕು ಎನ್ನುವುದು ಡಾಕ್ಟರು ಪ್ರತಿ ಗಿರಾಕಿಗೂ ಬಾಗಿಲಲ್ಲಿ ನಿಂತು ಹೇಳುವ ಮಾತು. ಹೇಳಿ ಹೇಳಿ ಅದು ಅವರಿಗೆ ಬಾಯಿಪಾಠವಾಗಿತ್ತು.

ಹೆಂಡತಿ ಸತ್ತ ಜೀರುಂಡೆಗಳನ್ನು ನೋಡಿದಳು, ಟವೆಲ್ಲಿನ ತುಂಡನ್ನು ನೋಡಿದಳು, ಆಮೇಲೆ ತನ್ನ ಅಂಗೈಗಳನ್ನು ನೋಡಿಕೊಂಡಳು.

"ಒಗೆದ ದಿನ ಸಂಜೆ ನನ್ನ ಕೈ ಚುರುಚುರು ಅನ್ನುತ್ತೆ. ಮುಖ ಮುಟ್ಟಿಕೊಂಡ್ರೆ ಮುಖಾನೂ."

"ನನಗೆ ಹೇಳಲಿಲ್ಲ ಯಾಕೆ?"

"ಹೇಳಿದ್ದೆ. ನೀವು ಬೇರೆ ಸೋಪು ತಂದುಕೊಟ್ರಿ. ಮತ್ತೆ ಹೇಳಿದೆ, ಇನ್ನೊಂದು ಸೋಪು ತಂದುಕೊಟ್ರಿ."

ಕಿಟಕಿಯ ಡಬ್ಬಿಯಲ್ಲಿ ಒಂದು ಜೀರುಂಡೆ ಕಿರ್ರೆಂದಿತು.

"ಜೇಡಕ್ಕೆ ಅಂತ ಒಂದು ಕೋಣೆ ತೊಳೆದ್ರಿ. ಅದು ಇನ್ನೂ ಬಂದೂ ಇಲ್ಲ" ಎಂದಳು ಹೆಂಡತಿ. "ನಾನು ಬಂದು ಇಪ್ಪತ್ತೈದು ವರ್ಷ ಆಯ್ತು."

ಅಜ್ಜಿ ಬಾಯಿ ತೆರೆದರು. ಸೊಸೆಯ ಮುಖ ನೋಡಿ ಮುಚ್ಚಿಕೊಂಡರು. ಆ ಮನೆಯಲ್ಲಿ ಅದು ಅಪರೂಪದ ಸಂಗತಿ.

ಡಾಕ್ಟರು ಕ್ಷಮೆ, ಪಶ್ಚಾತ್ತಾಪ ಎಂದೆಲ್ಲ ಮಾತು ಹೆಣೆಯುವವರಲ್ಲ. ಮರುದಿನ ಎರಡು ಬಕೆಟ್ಟು, ಒಂದು ಜೊತೆ ರಬ್ಬರ್ ಕೈಗವಸು, ಹಗ್ಗ ಕೊಂಡು ಅಂಗಡಿಯ ಹಿಂದಿನ ನಲ್ಲಿಯ ಹತ್ತಿರ ಇಟ್ಟರು. ನೀಲಿ ಬಟ್ಟೆ ಮನೆಯ ಹೊಸ್ತಿಲು ದಾಟುವುದು ನಿಂತಿತು. ದಿನದ ಕೆಲಸ ಮುಗಿಸಿ, ಅಲ್ಲೇ ಒಗೆದು ಹರವಿ, ಅಲ್ಲೇ ಸ್ನಾನ ಮಾಡಿ, ಮನೆಯ ಬಟ್ಟೆ ತೊಟ್ಟು ಹೊರಡತೊಡಗಿದರು.

"ಏನ್ ಡಾಕ್ಟರೇ, ಮನೆಯವರು ಕೆಲಸ ಬಿಟ್ರಾ?" ಎಂದು ಬೀಗ ರಿಪೇರಿಯವನು ಗೋಡೆಯಾಚೆಯಿಂದ ಇಣುಕಿದ.

"ಬಿಡಿಸಿದೀನಿ."

"ಈ ವಯಸ್ಸಲ್ಲಿ ಬಟ್ಟೆ ಒಗೆಯೋದು ಕಲಿಯೋಕಾಗುತ್ತಾ?"

"ನೀನು ಈ ವಯಸ್ಸಲ್ಲೂ ಬೀಗ ತೆಗೆಯೋದು ಕಲೀತಾ ಇಲ್ವಾ? ಹೋದ ವಾರ ಯಾರೋ ಗಿರಾಕಿ ಬಾಗಿಲನ್ನೇ ಒಡೆದೆಯಂತೆ."

ಮನೆಯಲ್ಲಿದ್ದ ಟವೆಲ್ಲು, ಹಾಸಿಗೆ, ದಿಂಬಿನ ಚೀಲಗಳನ್ನೆಲ್ಲ ಡಾಕ್ಟರೇ ಸೋಡಾ ನೀರಿನಲ್ಲಿ ನೆನೆಹಾಕಿ, ಮತ್ತೆ ಮತ್ತೆ ಜಾಲಿಸಿದರು. ಮಗಳು ಒಂದು ಕಡೆ ಹಿಡಿದು ಹಿಂಡಿದಳು. ಬಟ್ಟೆಯ ತುಂಡು ಹಾಸಿದ ಹೊಸ ಡಬ್ಬಿ ಮೇಜಿನ ಮೇಲೆ ಬಂತು. ಈ ಸಲ ಜೀರುಂಡೆಗಳು ವಾರ ದಾಟಿದವು; ದಾಟಿದ್ದಷ್ಟೇ ಅಲ್ಲ, ಹೊತ್ತು ಮುಳುಗಿದೊಡನೆ ಮೇಳ ಹಿಡಿದವು.

"ಸ್ಮಶಾನ ಆಗಿದ್ದಾಗ ನಿದ್ದೆನಾದ್ರೂ ಬರ್ತಿತ್ತು" ಎಂದರು ಅಜ್ಜಿ.

ಅವರಿಗೆ ಇನ್ನೂ ದೊಡ್ಡ ದೂರು ಸಿಕ್ಕಿತು. ಮನೆಗೆ ಮದ್ದು ಹೊಡೆಯುವುದು ನಿಂತಿತ್ತಲ್ಲ, ಅಡುಗೆಮನೆಯಲ್ಲಿ ಒಂದು ಜಿರಳೆ ಕಾಣಿಸಿಕೊಂಡಿತು. ಈ ಮನೆಯಲ್ಲಿ ಜಿರಳೆ! ಅಜ್ಜಿ ಅದನ್ನು ಲೋಟ ಬೋರಲು ಹಾಕಿ ಹಿಡಿದಿಟ್ಟು, ಮಗ ಬರುವವರೆಗೆ ಪಕ್ಕದಲ್ಲೇ ಕಾವಲು ಕೂತಿದ್ದರು.

"ನೋಡಪ್ಪಾ ಡಾಕ್ಟರೇ, ನಿಮ್ಮನ್ನ ಮಾತಾಡಿಸೋಕೆ ಬಂದಿದಾನೆ. ಊರಿಗೆಲ್ಲ ಮದ್ದು ಹೊಡಿ, ಮನೇಲಿ ಮೆರವಣಿಗೆ ಮಾಡಿಸು."

"ಮದ್ದಿಲ್ಲದೇನೂ ಜಿರಳೆ ತಡೆಯಬಹುದು ಅಮ್ಮ. ಕಷ್ಟ ಜಾಸ್ತಿ, ಅಷ್ಟೇ." ಡಾಕ್ಟರು ಸಿಂಕಿನ ಕೊಳವೆ ಗೋಡೆ ಹೊಕ್ಕ ಕಡೆ ಸಿಮೆಂಟು ಮೆತ್ತಿದರು, ಮೋರಿಗೆ ಜಾಲರಿ ಕೂರಿಸಿದರು. "ಒಂದೇ ಒಂದು ಷರತ್ತು. ಊಟ ಆದ ಮೇಲೆ ಸಿಂಕು ಒಣಗಿರಬೇಕು, ಒಂದು ಅನ್ನದ ಅಗುಳೂ ಕೆಳಗೆ ಇರಬಾರದು."

"ಅದನ್ನ ಯಾರು ಮಾಡ್ತಾರೆ?" ಎಂದಳು ಹೆಂಡತಿ, ಥಟ್ಟನೆ.

"ನಾನು" ಎಂದರು ಡಾಕ್ಟರು.

"ದಿನ ಬಿಟ್ಟು ದಿನ ನಾನು ಮಾಡ್ತೀನಿ" ಎಂದಳು ಮಗಳು. ಆಡಿದ ಮೇಲೆ ಅವಳಿಗೆ ತಾನು ಆಡಿದ್ದು ಕೇಳಿಸಿರಬೇಕು. ತಟ್ಟೆಯ ಕಡೆ ಮುಖ ತಗ್ಗಿಸಿದಳು. ರೂಮು ಖಾಲಿಯಾಗಲು ಆಗ ಕೆಲವೇ ದಿನ ಉಳಿದಿದ್ದವು.

ತಿಂಗಳ ಕೊನೆಯ ಸಂಜೆ ಮಗಳು ತಡವಾಗಿ ಬಂದಳು. ಎಲ್ಲರೂ ಊಟಕ್ಕೆ ಕುಳಿತಾಗಿತ್ತು. ಬೇಯಿಸಿದ ಮೊಟ್ಟೆ, ಅನ್ನ, ಸೊಪ್ಪು. ಅವಳು ಕೈತೊಳೆದು ಬಂದು ಬಡಿಸಿಕೊಂಡು ಎರಡು ತುತ್ತು ಉಂಡಳು.

"ಆ ರೂಮು ಬೇಡ ಅಂತ ಹೇಳಿ ಬಂದೆ. ಅವಳು ಬೇರೆ ಯಾರನ್ನೋ ಸೇರಿಸ್ಕೋತಾಳೆ."

ಹೆಂಡತಿ ಗಂಡನ ಕಡೆ ನೋಡಿದಳು. ಡಾಕ್ಟರು ಮೊಟ್ಟೆ ಸುಲಿಯುವುದನ್ನು ನಿಲ್ಲಿಸಲಿಲ್ಲ.

"ಜೀರುಂಡೆ ಬದುಕಿದ್ವು ಅಂತಾನಾ?"

"ಅದೂ ಹೌದು. ಅಮ್ಮ ಮೊನ್ನೆ ಬಟ್ಟೆ ಒಗೆದು ಬಂದು ಕೂತಾಗ ಕೈ ಉಜ್ಕೊಳ್ಳಲಿಲ್ಲ. ನಾನು ನೋಡ್ತಾ ಇದ್ದೆ." ಇನ್ನೊಂದು ತುತ್ತು ಇಟ್ಟುಕೊಂಡಳು. "ಇಲ್ಲಿ ಏನಾದ್ರೂ ಸರಿ ಇಲ್ಲ ಅಂದ್ರೆ ಸರಿ ಮಾಡ್ತಾರೆ. ಅಲ್ಲಿ ಯಾರು ಏನು ಹೊಡೆಸಿದಾರೋ, ಯಾರನ್ನ ಕೇಳೋದು?"

"ನನ್ನನ್ನ ಕೇಳಬಹುದಿತ್ತು" ಎಂದರು ಡಾಕ್ಟರು. "ಆ ಕಟ್ಟಡಕ್ಕೆ ಹೊಡೆಯೋನು ನಾನೇ. ಆ ರೂಮಿಗೂ ಎರಡು ವಾರದ ಹಿಂದೆ ಹೊಡೆದು ಬಂದೆ."

ಮಗಳ ಕೈ ತಟ್ಟೆಯಲ್ಲೇ ನಿಂತಿತು. ಅಜ್ಜಿಗೆ ನಗು ತಡೆಯಲಾಗದೆ ಕೆಮ್ಮು ಬಂತು.

"ಮೊದಲೇ ಗೊತ್ತಿತ್ತಾ ನಿನಗೆ? ನಾನು ಹೇಳಿದ ದಿನಾನೇ?"

"ಹೇಳಿದ ದಿನಾನೇ."

"ಮತ್ತೆ ಹೇಳೋಕೇನಾಗಿತ್ತಪ್ಪಾ? ಇಷ್ಟು ಗೋಡೆ ಉಜ್ಜೋದು ತಪ್ತಿತ್ತು!"

"ತಪ್ತಿತ್ತು. ಆ ಮನೆ ಕೆಟ್ಟದ್ದು ಅಂತ ನೀನು ಇಲ್ಲಿ ಇರ್ತಿದ್ದೆ. ಈ ಮನೆ ಚೆನ್ನಾಗಿದೆ ಅಂತ ಇರ್ತೀಯಾ ನೋಡೋಣ ಅಂದ್ಕೊಂಡೆ."

ಮಗಳು ಸಿಟ್ಟು ಮಾಡಲು ಹೊರಟು, ಅರ್ಧದಲ್ಲಿ ಸೋತು, "ಥೂ, ನಿನ್ನ" ಎಂದು ನಕ್ಕುಬಿಟ್ಟಳು.

"ಹಾಗಾದ್ರೆ ಆ ಹುಳ ಬರೋದು ಖಾತ್ರಿ" ಎಂದರು ಅಜ್ಜಿ. "ಯಾವತ್ತು ಬರುತ್ತೆ ಅಂತ ಮುಂಚೇನೇ ಹೇಳು. ಬಾಗಿಲು ನಾನೇ ತೆಗೀತೀನಿ. ಇವನ ಕೈಗೆ ಮಾತ್ರ ಕೊಡೋಕೆ ಬಿಡಲ್ಲ."

ಹೆಂಡತಿ ಕೊನೆಯ ತುತ್ತು ಮುಗಿಸಿ ಎದ್ದಳು. ತಟ್ಟೆಯನ್ನು ಸಿಂಕಿನಲ್ಲಿಟ್ಟು, ಒಲೆಯ ಹಿಂದಿನ ಗೋಡೆಯ ಮೇಲೆ ಬೆರಳೆಳೆದು ಬೆಳಕಿಗೆ ಹಿಡಿದು ನೋಡಿದಳು.

"ಆ ಕೋಣೆ ಆಯ್ತು. ಬಟ್ಟೆ ಆಯ್ತು. ಇಲ್ಲಿ ಅಡುಗೆ ಮಾಡೋಳು ನಾನು. ಈ ಗೋಡೆ ಯಾವಾಗ?"

ಡಾಕ್ಟರು ಮೊಟ್ಟೆಯನ್ನು ಇಡಿಯಾಗಿ ಬಾಯಿಗೆ ಹಾಕಿಕೊಂಡು, ಕೈತೊಳೆದು, ಬಕೆಟ್ಟಿಗೆ ಬಿಸಿನೀರು ಬಿಟ್ಟರು.